ಆಂಡ್ರೊಮಿಡಾ ಫೋಟೊ: ಕೆಡುವುದು ಕ್ಯಾಮೆರಾದಿಂದಲ್ಲ, ಫೋಕಸ್‌ನಿಂದ

ಶರದೃತುವಿನ ಆಕಾಶದಲ್ಲಿ ಬರಿಗಣ್ಣಿಗೂ ಸಿಗುವ ದೊಡ್ಡ ಬೇಟೆ ಆಂಡ್ರೊಮಿಡಾ ಗ್ಯಾಲಕ್ಸಿ. ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ, ಉದ್ದ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಹಾಗಾಗಿ ಟೆಲಿಸ್ಕೋಪ್ ಬೇಡ. ಸಾಧಾರಣ ಡಿಎಸ್‌ಎಲ್‌ಆರ್, 50 ಮಿ.ಮೀ. ಎಫ್ 1.8 ಲೆನ್ಸ್, ಅಲುಗದ ಟ್ರೈಪಾಡ್ ಸಾಕು. ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದು ಬರೆದ ಆಟಿಕೆ ಟೆಲಿಸ್ಕೋಪ್‌ಗೆ ದುಡ್ಡು ಸುರಿಯುವ ಬದಲು 10x50 ಬೈನಾಕ್ಯುಲರ್ ಕೊಳ್ಳಿ.

ದಿನ, ಜಾಗ

ದೀಪಾವಳಿ ಅಮಾವಾಸ್ಯೆಗೆ ಚಂದ್ರನ ಕಾಟವಿಲ್ಲ, ಆದರೆ ಪಟಾಕಿ ಹೊಗೆಯದ್ದು ಉಂಟು. ಬಲಿಪಾಡ್ಯಮಿ ಕಳೆದು ಎರಡು ಮೂರು ದಿನ ತಡೆಯಿರಿ. ಚೌತಿಯ ಚಂದ್ರ ರಾತ್ರಿ ಒಂಬತ್ತರ ಹೊತ್ತಿಗೆ ಮುಳುಗಿರುತ್ತಾನೆ. ಆಂಡ್ರೊಮಿಡಾ ನಮಗೆ ಉತ್ತರದ ಕಡೆ ಕಾಣುವುದರಿಂದ ಪೇಟೆಯ ಬೆಳಕು ನಿಮ್ಮ ಬೆನ್ನಿಗಿರಬೇಕು. ಬೆಂಗಳೂರಿನವರು ಕನಕಪುರದ ಕಡೆ ಹೋದರೆ ಊರಿನ ಬೆಳಕೇ ಎದುರಿಗೆ ಬರುತ್ತದೆ. ಗೌರಿಬಿದನೂರು, ಮಧುಗಿರಿಯ ದಿಕ್ಕು ವಾಸಿ.

ಹುಡುಕುವುದು

ನವೆಂಬರ್ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆಗೆ ಅದು ಅತಿ ಎತ್ತರದಲ್ಲಿರುತ್ತದೆ. ಅಕ್ಟೋಬರ್ ಮಧ್ಯದಲ್ಲಾದರೆ ಹನ್ನೊಂದೂವರೆಗೆ. ನೆತ್ತಿಯ ಹತ್ತಿರ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ ಕಾಣುತ್ತದೆ. ಪಂಚಾಂಗದ ಪೂರ್ವಾಭಾದ್ರ, ಉತ್ತರಾಭಾದ್ರ ಅಂದರೆ ಇದರ ಎರಡು ಬದಿಗಳೇ. ಈಶಾನ್ಯ ಮೂಲೆಯ ಆಲ್ಫೆರಾಟ್ಸ್‌ನಿಂದ ಈಶಾನ್ಯಕ್ಕೇ ಎರಡು ನಕ್ಷತ್ರ ದಾಟಿ. ಎರಡನೆಯದು ಮಿರಾಕ್. ಅಲ್ಲಿಂದ ವಾಯವ್ಯಕ್ಕೆ ತಿರುಗಿ ಎರಡು ಮಂಕು ನಕ್ಷತ್ರಗಳನ್ನು ಹತ್ತಿದರೆ, ಎರಡನೆಯದರ ಪಕ್ಕದಲ್ಲೇ ಉಸಿರು ತಾಕಿದ ಕನ್ನಡಿಯಂಥ ಮಸುಕು. ನೆಟ್ಟ ನೋಟಕ್ಕೆ ಸಿಗದು. ಸ್ವಲ್ಪ ಪಕ್ಕಕ್ಕೆ ನೋಡಿ. ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ನಿಮಿಷ ಮೊಬೈಲ್ ಪರದೆ ಮುಟ್ಟಬೇಡಿ.

ಫೋಕಸ್

ಲೆನ್ಸ್ ಮೇಲಿನ ‘ಅನಂತ’ ಗುರುತನ್ನು ನಂಬಬೇಡಿ. ಉಂಗುರ ಅದರಾಚೆಗೂ ತಿರುಗುತ್ತದೆ, ಕೊನೆಯವರೆಗೆ ತಿರುಗಿಸಿದವರ ನಕ್ಷತ್ರಗಳೆಲ್ಲ ಬೆಂದ ಸಬ್ಬಕ್ಕಿಯಂತೆ ಊದಿಕೊಂಡಿರುತ್ತವೆ. ಆಟೊಫೋಕಸ್ ಆಫ್ ಮಾಡಿ, ಅಲುಗಾಟ ತಡೆಯುವ ಸ್ವಿಚ್ಚನ್ನೂ ಆಫ್ ಮಾಡಿ. ಈಶಾನ್ಯದಲ್ಲಿ ಮೇಲೇರುತ್ತಿರುವ ಬ್ರಹ್ಮಹೃದಯ (ಕ್ಯಾಪೆಲ್ಲಾ) ನಕ್ಷತ್ರಕ್ಕೆ ಕ್ಯಾಮೆರಾ ತಿರುಗಿಸಿ, ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಚುಕ್ಕಿ ಅತಿ ಚಿಕ್ಕದಾಗುವವರೆಗೆ ಉಂಗುರ ತಿರುಗಿಸಿ. ಇದು ಕಚ್ಚಾ ಫೋಕಸ್ ಅಷ್ಟೆ. ಆ ನಕ್ಷತ್ರ ಇನ್ನೂ ಕೆಳಗಿರುವುದರಿಂದ ಮಿನುಗಿ ಮೋಸ ಮಾಡುತ್ತದೆ.

ಈಗ ಮಿರಾಕ್‌ಗೆ ಬನ್ನಿ. ಇಲ್ಲಿ ಪ್ರಕಾಶದ ನಕ್ಷತ್ರ ನೋಡಬೇಡಿ, ಅದರ ಸುತ್ತಲಿನ ಸಣ್ಣವನ್ನು ನೋಡಿ. ಉಂಗುರವನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದಾಗ ಅವು ಮೂಡಿ ಮಾಯವಾಗುತ್ತವೆ. ಅತಿ ಹೆಚ್ಚು ಸಣ್ಣ ನಕ್ಷತ್ರ ಕಂಡ ಜಾಗವೇ ಸರಿಯಾದ ಜಾಗ. ಒಮ್ಮೆ ದಾಟಿ ಹೋಗಿ, ವಾಪಸ್ ಬಂದು ಖಾತ್ರಿ ಮಾಡಿಕೊಂಡು ಉಂಗುರಕ್ಕೆ ಟೇಪ್ ಅಂಟಿಸಿ. ಕೆಲವು ಮಿರರ್‌ಲೆಸ್ ಲೆನ್ಸ್‌ಗಳಲ್ಲಿ ಉಂಗುರ ತಿರುಗಿಸಿದಾಗ ಫೋಕಸ್ ಸರಿಸುವುದು ಮೋಟಾರು; ಕ್ಯಾಮೆರಾ ಆಫ್ ಮಾಡಿದರೆ ಪಟ್ಟ ಶ್ರಮವೆಲ್ಲ ನೀರುಪಾಲು. ರಾತ್ರಿ ತಂಪೇರಿದಂತೆ ಫೋಕಸ್ ಜಾರುವುದೂ ಉಂಟು. ಗಂಟೆಗೊಮ್ಮೆ ಟೇಪ್ ಬಿಚ್ಚಿ ಪರೀಕ್ಷಿಸಿ.

ನಡುವೆ ನಕ್ಷತ್ರಗಳು ಮತ್ತೆ ಊದಿದವು ಅಂತ ಉಂಗುರಕ್ಕೆ ಕೈ ಹಾಕುವ ಮೊದಲು ಲೆನ್ಸ್ ಗಾಜಿಗೆ ಪಕ್ಕದಿಂದ ಟಾರ್ಚ್ ಬಿಡಿ. ಹೆಚ್ಚಾಗಿ ಅದು ಇಬ್ಬನಿ. ಬಟ್ಟೆಯಿಂದ ಒರೆಸಿದರೆ ಕಲೆ ಉಳಿಯುತ್ತದೆ, ಐದು ನಿಮಿಷಕ್ಕೆ ಮತ್ತೆ ಕೂರುತ್ತದೆ. ಪವರ್ ಬ್ಯಾಂಕಿಗೆ ಸಿಕ್ಕಿಸುವ ಯುಎಸ್‌ಬಿ ಹೀಟರ್ ಪಟ್ಟಿಯನ್ನು ಶುರುವಿನಲ್ಲೇ ಲೆನ್ಸ್‌ಗೆ ಸುತ್ತಿರಿ. ಇಬ್ಬನಿ ಬಿದ್ದ ಮೇಲೆ ಸುತ್ತಿದರೆ ಆರುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ‘ನೈಟ್ ಫಿಲ್ಟರ್’ ಅಂತ ಮಾರುವ ಅಗ್ಗದ ಗಾಜು ಮಾತ್ರ ಬೇಡವೇ ಬೇಡ. ಇಬ್ಬನಿ ಕೂರಲು ಇನ್ನೊಂದು ಮೇಲ್ಮೈ, ಅಷ್ಟೆ.

ಕ್ಲಿಕ್ಕಿಸುವುದು

ರಾ ಫೈಲ್, ಐಎಸ್‌ಒ 1600, ಅಪರ್ಚರ್ ಎಫ್ 2.8, ಶಟರ್ 4 ಸೆಕೆಂಡ್. ಎಫ್ 1.8ಕ್ಕೆ ಪೂರ್ತಿ ತೆರೆದರೆ ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಮೂಡುತ್ತದೆ. ಭೂಮಿ ತಿರುಗುತ್ತಿರುವುದರಿಂದ 10 ಸೆಕೆಂಡ್ ಇಟ್ಟರೆ ಚುಕ್ಕಿ ಗೆರೆಯಾಗುತ್ತದೆ. ಇಂಟರ್ವೆಲ್ ಟೈಮರ್‌ನಲ್ಲಿ 150 ಚಿತ್ರ ತೆಗೆಯಿರಿ. ಟ್ರೈಪಾಡ್ ಭಾರವಾಗಲೆಂದು ಚೀಲ ತೂಗುಹಾಕುವುದಾದರೆ ಅದರ ತಳ ನೆಲಕ್ಕೆ ತಾಗಿರಲಿ. ಗಾಳಿಗೆ ತೂಗಾಡುವ ಚೀಲ ಕ್ಯಾಮೆರಾವನ್ನೂ ಅಲುಗಿಸುತ್ತದೆ. ಕೊನೆಗೆ ಮುಚ್ಚಳ ಹಾಕಿ, ಅದೇ ಸೆಟ್ಟಿಂಗ್‌ನಲ್ಲಿ 20 ಕಪ್ಪು ಚಿತ್ರ; ಸೆನ್ಸರ್ ತಾನೇ ಮೂಡಿಸುವ ಚುಕ್ಕಿಗಳನ್ನು ಆಮೇಲೆ ಕಳೆಯಲು ಇವು ಬೇಕು. ಮನೆಗೆ ಬಂದು ತೆಗೆದರೆ ಉಪಯೋಗವಿಲ್ಲ, ಸೆನ್ಸರ್ ಬಿಸಿ ಅಲ್ಲಿನಷ್ಟೇ ಇರಬೇಕು.

ಚಿತ್ರಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ ಒಂದೇ ಚಿತ್ರ ಮಾಡಲು ಡೀಪ್‌ಸ್ಕೈಸ್ಟ್ಯಾಕರ್ ಅಥವಾ ಸೀಕ್ವೇಟರ್ ತಂತ್ರಾಂಶ, ಎರಡೂ ಉಚಿತ. ಜೋಡಿಸಿದ ಚಿತ್ರ ಮೊದಲು ಕಪ್ಪಗೇ ಕಾಣುತ್ತದೆ; ಹೆದರಿ ಅಳಿಸಬೇಡಿ. ಫೋಟೊ ಎಡಿಟರಿನಲ್ಲಿ ಬೆಳಕು ಹೆಚ್ಚುಕಡಿಮೆ ಮಾಡುವ ಕರ್ವ್ಸ್‌ನಲ್ಲಿ ಕತ್ತಲೆಯ ತುದಿಯನ್ನು ಒಂದೇ ಸಲ ಎಳೆಯದೆ, ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಎತ್ತಿ. ಹೊಳೆಯುವ ನಡುಭಾಗದ ಎರಡೂ ಕಡೆ ತೆಳ್ಳಗೆ ಚಾಚಿದ ತಟ್ಟೆ ಆಗ ಮೇಲೇಳುತ್ತದೆ.