ಅಲ್ಯೂಮಿನಿಯಂ ಐಸೊಪ್ರೊಪಾಕ್ಸೈಡ್: ಮೂರೋ ನಾಲ್ಕೋ?

ಒಂದು ಅಲ್ಯೂಮಿನಿಯಂಗೆ ಮೂರು ಐಸೊಪ್ರೊಪಾಕ್ಸಿ ಗುಂಪುಗಳು, ಅಣುತೂಕ 204. ಸೂತ್ರ ಇಷ್ಟು ಸರಳ. ಬೆಂಜೀನ್‌ನಲ್ಲಿ ಕರಗಿಸಿ ಅಳೆದಾಗ ನನಗೆ ಸಿಕ್ಕಿದ್ದು ಒಮ್ಮೆ ಇದರ ಮೂರು ಪಟ್ಟು, ಇನ್ನೊಮ್ಮೆ ನಾಲ್ಕು ಪಟ್ಟು. ಎರಡೂ ಸರಿಯಾದ ಉತ್ತರಗಳೇ.

ಅಲ್ಯೂಮಿನಿಯಂ ಹಾಳೆಯ ಚೂರುಗಳನ್ನು ನೀರಿನಂಶವಿಲ್ಲದ ಐಸೊಪ್ರೊಪನಾಲ್‌ಗೆ ಹಾಕಿ, ತುಸು ಮರ್ಕ್ಯುರಿಕ್ ಕ್ಲೋರೈಡ್ ಸೇರಿಸಿ (ಘೋರ ವಿಷ, ಕೈಗವಸು ಬೇಕೇ ಬೇಕು) ರಿಫ್ಲಕ್ಸ್ ಮಾಡಿದೆ, ಅಂದರೆ ಆವಿ ತಣಿದು ಮತ್ತೆ ಪಾತ್ರೆಗೇ ಇಳಿಯುವಂತೆ ಕುದಿಸಿದೆ. ಲೋಹ ಕರಗಿದ ಮೇಲೆ ನಿರ್ವಾತದಲ್ಲಿ ಬಟ್ಟಿ ಇಳಿಸಿದೆ. ಬಂದದ್ದು ಹರಳೆಣ್ಣೆಯಷ್ಟು ಮಂದವಾದ, ಬಣ್ಣವಿಲ್ಲದ ದ್ರವ. ನೂರು ಡಿಗ್ರಿ ದಾಟಿದ ಮೇಲೆ ಕರಗಬೇಕಾದ ವಸ್ತು ತಣ್ಣಗಾದ ಮೇಲೂ ಗಟ್ಟಿಯಾಗಲಿಲ್ಲ. ಇದು ಟ್ರೈಮರ್, ಅಂದರೆ ಮೂರು ಘಟಕಗಳು ಒಂದಾದ ಅಣು. ಹಾಗೇ ಮುಚ್ಚಿಟ್ಟರೆ ನಿಧಾನವಾಗಿ ಬಿಳಿ ಹರಳುಗಟ್ಟಿ ನಾಲ್ಕು ಘಟಕಗಳ ಟೆಟ್ರಾಮರ್ ಆಗುತ್ತದೆ. ಹಾಗಾಗಿ ಬಾಟಲಿಯ ಮೇಲೆ ಬಟ್ಟಿ ಇಳಿಸಿದ ದಿನಾಂಕ ಬರೆಯದವರ ಅಣುತೂಕವನ್ನು ನಾನು ನಂಬುವುದಿಲ್ಲ.

ಅಳೆಯಲು ಘನೀಕರಣ ಬಿಂದುವಿನ ಇಳಿಕೆಯನ್ನೇ ಆರಿಸಿಕೊಂಡೆ: ಕರಗಿದ ಕಣಗಳು ಹೆಚ್ಚಿದಷ್ಟೂ ಬೆಂಜೀನ್ ಹೆಪ್ಪುಗಟ್ಟುವ ಉಷ್ಣತೆ ಇಳಿಯುತ್ತದೆ. ಕುದಿಯುವ ಬಿಂದುವಿನ ಏರಿಕೆಯಿಂದಲೂ ಅಳೆಯಬಹುದು, ಆದರೆ ಕುದಿಸಿದರೆ ಟೆಟ್ರಾಮರ್ ಒಡೆಯತೊಡಗುತ್ತದೆ. 50 ಗ್ರಾಂ ಬೆಂಜೀನ್‌ಗೆ 1 ಗ್ರಾಂ ಹಾಕಿದರೆ ಟ್ರೈಮರ್‌ಗೆ ಸುಮಾರು 0.17 ಡಿಗ್ರಿ ಇಳಿಕೆ, ಟೆಟ್ರಾಮರ್‌ಗೆ 0.125. ನಡುವಿನ ಅಂತರ ಇಷ್ಟೇ. ಉಷ್ಣತೆಯ ಅತಿ ಸಣ್ಣ ವ್ಯತ್ಯಾಸ ತೋರಿಸುವ ಬೆಕ್‌ಮನ್ ಥರ್ಮಾಮೀಟರ್ ಇಲ್ಲದೆ ಕೈಹಾಕಬಾರದು. ಗಾಳಿಯ ತೇವ ತಗುಲಿದರಂತೂ ಐಸೊಪ್ರೊಪನಾಲ್ ಬಿಡುಗಡೆಯಾಗಿ ಕಣಗಳ ಸಂಖ್ಯೆ ಹೆಚ್ಚುತ್ತದೆ, ಅಣುತೂಕ ಸುಳ್ಳುಸುಳ್ಳೇ ಕಡಿಮೆ ಕಾಣುತ್ತದೆ. ಗಾಜಿನ ಸಾಮಾನನ್ನೆಲ್ಲ ಓವನ್‌ನಿಂದ ತೆಗೆದು ನೈಟ್ರೋಜನ್‌ನಲ್ಲೇ ತಣಿಸುತ್ತಿದ್ದೆ.

ಟೆಟ್ರಾಮರ್‌ನ ರಚನೆ ಕಣ್ಣಿಗೆ ಹಬ್ಬ. ನಡುವಿನ ಅಲ್ಯೂಮಿನಿಯಂ ಆರು ಆಕ್ಸಿಜನ್‌ಗಳಿಗೆ ಅಂಟಿಕೊಂಡಿದ್ದರೆ, ಸುತ್ತಲಿನ ಮೂರು ಅಲ್ಯೂಮಿನಿಯಂಗಳಿಗೆ ನಾಲ್ಕು ನಾಲ್ಕೇ. ಹನ್ನೆರಡು ಐಸೊಪ್ರೊಪಾಕ್ಸಿಗಳಲ್ಲಿ ಆರು ಸೇತುವೆ, ಆರು ಹೊರತುದಿ. ಪರಮಾಣುವಿನ ಸುತ್ತಲಿನ ಪರಿಸರವನ್ನು ತೋರಿಸುವ ಅಲ್ಯೂಮಿನಿಯಂ-27 ಎನ್ಎಂಆರ್‌ (ಪರಮಾಣು ಕಾಂತೀಯ ಅನುರಣನ) ರೋಹಿತದಲ್ಲಿ ನಡುವಿನದರ ಸಂಕೇತ ಅಳತೆಪಟ್ಟಿಯ 0 ಪಿಪಿಎಂ ಸಮೀಪ ಸೂಜಿಯಂತೆ ನಿಲ್ಲುತ್ತದೆ. ಹೊರಗಿನವು 60ರ ಆಸುಪಾಸಿನಲ್ಲಿ ಅಗಲವಾಗಿ ಹರಡುತ್ತವೆ. ಆ ಸೂಜಿಯನ್ನು ನೋಡಿದ ಮೇಲೆ ಥರ್ಮಾಮೀಟರಿನ ಮೇಲಿದ್ದ ನನ್ನ ಅನುಮಾನ ಹೋಯಿತು.

ಲೋಹವು ತನ್ನ ಸಮನ್ವಯ ಸಂಖ್ಯೆಯನ್ನು (ಸುತ್ತ ಅಂಟಿಕೊಳ್ಳುವ ಪರಮಾಣುಗಳ ಸಂಖ್ಯೆ) ತುಂಬಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಘಟಕಗಳು ಒಗ್ಗೂಡುತ್ತವೆ ಎಂದು ರಸಾಯನ ವಿಜ್ಞಾನಿ ಬ್ರಾಡ್ಲಿ 1958ರಲ್ಲಿ ಹೇಳಿದ್ದರು. ಆದರೆ ಗುಂಪಿನ ಗಾತ್ರ ಅಡ್ಡ ಬರುತ್ತದೆ. ಟರ್ಷರಿ ಬ್ಯೂಟಾಕ್ಸೈಡ್ ಆದರೆ ಅಲ್ಯೂಮಿನಿಯಂ ಎರಡು ಘಟಕಗಳ ಡೈಮರ್‌ಗೇ ತೃಪ್ತಿಪಡುತ್ತದೆ. ಟೈಟಾನಿಯಂ ಈಥಾಕ್ಸೈಡ್ ಹರಳಿನಲ್ಲಿ ಟೆಟ್ರಾಮರ್, ಬೆಂಜೀನ್‌ನಲ್ಲಿ ಟ್ರೈಮರ್. ಅದೇ ಲೋಹದ ಐಸೊಪ್ರೊಪಾಕ್ಸೈಡ್ ದ್ರಾವಣದಲ್ಲಿ ಬಹುಪಾಲು ಒಂಟಿ.