ಜಡಿಮಳೆಯಲ್ಲೇ ಸೆಟಪ್ ಮಾಡಿದೆ, ನೆಕ್ ಅಲುಗಾಡಿಲ್ಲ

ಮೊನ್ನೆ ಭಾನುವಾರ ನನ್ನ ಗಿಟಾರಿನ ನೆಕ್, ಅಂದರೆ ಉದ್ದನೆಯ ಕುತ್ತಿಗೆ, ಎಷ್ಟು ಬಾಗಿದೆ ಅಂತ ಮತ್ತೆ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ಹಾಕಿ ನೋಡಿದೆ. ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ ಒಂದನೆಯದಕ್ಕೆ, ಅಂದರೆ ಒಂದನೇ ಫ್ರೆಟ್‌ಗೆ, ಕ್ಯಾಪೊ (ತಂತಿ ಒತ್ತಿಹಿಡಿಯುವ ಕ್ಲಿಪ್ಪು), ಕೊನೇ ಫ್ರೆಟ್ ಮೇಲೆ ಬೆರಳು. ಏಳನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ 0.25 ಮಿ.ಮೀ. ಎಲೆ ಸಲೀಸಾಗಿ ನುಸುಳಿತು, 0.30ರದ್ದು ತಂತಿಯನ್ನು ಎತ್ತಿತು. ಎರಡು ಮಳೆಗಾಲದ ಹಿಂದೆ ನಾನು ಬಿಟ್ಟಿದ್ದು ಇದೇ ಅಳತೆ. ನಡುವೆ ಎರಡು ಬೇಸಿಗೆಯೂ ಕಳೆದಿದೆ. ಚಿಕ್ಕಮಗಳೂರಿನಲ್ಲಿ ಇಟ್ಟ ಗಿಟಾರ್ ಇಷ್ಟು ಕಾಲ ಒಂದೇ ಅಳತೆಯಲ್ಲಿ ನಿಂತಿದೆ ಅಂದರೆ ಮೊದಲು ನಾನೇ ನಂಬುತ್ತಿರಲಿಲ್ಲ.

"ಮಳೆಗಾಲ್ದಲ್ಲಿ ಅದ್ರ ತಂಟೆಗೆ ಹೋಗ್ಬೇಡ ಮಾರಾಯ, ದೀಪಾವಳಿ ಕಳೀಲಿ" ಅಂತ ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ಅಣ್ಣ ಪ್ರತಿ ವರ್ಷ ಹೇಳುತ್ತಿದ್ದರು. ಆದರೆ ನಮಗೆ ಕೆಲಸ ಇರೋದೇ ಗಣಪತಿ ಸೀಸನ್‌ನಲ್ಲಿ. ಆಗಸ್ಟ್, ಸೆಪ್ಟೆಂಬರ್. ಮೂಡಿಗೆರೆ ಕಡೆ ಪೆಂಡಾಲಿನ ಮೇಲೆ ಮಳೆ ಸುರಿಯುತ್ತಾ ಇರುವಾಗ ನುಡಿಸಬೇಕಾದವನು ದೀಪಾವಳಿವರೆಗೆ ಕಾಯೋದು ಹೇಗೆ?

ಗಿಟಾರ್ ಸ್ಟ್ರಾಟ್ ಮಾದರಿಯ ಎಲೆಕ್ಟ್ರಿಕ್, ಸ್ಕ್ವಯರ್ ಬ್ರ್ಯಾಂಡಿನದು, ಸೆಕೆಂಡ್ ಹ್ಯಾಂಡ್, ಹದಿನಾಲ್ಕು ಸಾವಿರ ಚಿಲ್ಲರೆ ಕೊಟ್ಟಿದ್ದೆ. ಮೊದಲ ಎರಡು ವರ್ಷ ಬೆಂಗಳೂರಿನ ಒಂದು ಅಂಗಡಿಯಲ್ಲಿ ಸೆಟಪ್, ಅಂದರೆ ನೆಕ್, ತಂತಿಯ ಎತ್ತರ, ಶ್ರುತಿ ಎಲ್ಲಾ ಹೊಂದಿಸೋದು, ಮಾಡಿಸಿದೆ. ಒಂದು ಸಲಕ್ಕೆ ಸುಮಾರು ಸಾವಿರದ ಎಂಟುನೂರು, ಬಸ್ಸು ಊಟ ಬೇರೆ. ಅಲ್ಲಿ ಬೆಣ್ಣೆ ಹಾಗೆ ಇರುತ್ತಿತ್ತು. ಊರಿಗೆ ಬಂದು ಹದಿನೈದು ದಿನಕ್ಕೆ ಆ್ಯಕ್ಷನ್ (ಫ್ರೆಟ್ ಮೇಲೆ ತಂತಿಯ ಎತ್ತರ) ಮೇಲೇರಿ, ಒಂದೇ ಬೆರಳಲ್ಲಿ ಎಲ್ಲಾ ತಂತಿ ಒತ್ತುವ ಬಾರ್ ಕಾರ್ಡ್ ಹಿಡಿದರೆ ಬೆರಳು ನೋಯುತ್ತಿತ್ತು. ಎರಡನೇ ಸಲ ಹೋಗಿ ಕೇಳಿದ್ದಕ್ಕೆ "ನಿಮ್ಮೂರಿನ ಹವೆಗೆ ನಾವೇನು ಮಾಡೋಕಾಗುತ್ತೆ ಸಾರ್" ಅಂದರು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಮೇಲೆ ನಾನೇ ಮಾಡಿಕೊಳ್ಳೋದು ಅಂತ.

ಮೊದಲು ಹಾಳು ಮಾಡಿದ್ದು ಟ್ರಸ್ ರಾಡ್ (ನೆಕ್ ಬಾಗನ್ನು ತಿರುಗಿಸಿ ಸರಿಪಡಿಸುವ, ಅದರೊಳಗಿನ ಲೋಹದ ಸರಳು) ವಿಷಯದಲ್ಲಿ. ಮಳೆ ಹಿಡಿದರೆ ನನ್ನ ನೆಕ್ ಮುಂದಕ್ಕೆ ಬಾಗುತ್ತೆ. (ಎಲ್ಲಾ ನೆಕ್ಕೂ ಹೀಗಲ್ಲ, ಹಿಂದಕ್ಕೆ ಹೋಗುವುದನ್ನೂ ನೋಡಿದ್ದೇನೆ.) ಜುಲೈನಲ್ಲಿ ಒಂದೇ ಕೂತಲ್ಲಿ ಮುಕ್ಕಾಲು ಸುತ್ತು ಬಿಗಿ ಮಾಡಿದೆ. ಫೆಬ್ರವರಿ ಬಿಸಿಲಿಗೆ ನೆಕ್ ನೆಟ್ಟಗಾಗಿ ಒಂದರಿಂದ ಐದನೇ ಫ್ರೆಟ್‌ವರೆಗೆ ತಂತಿ ಫ್ರೆಟ್‌ಗೆ ತಾಗಿ ಬರೀ ಬಜ್. ಬಿಚ್ಚು, ಮತ್ತೆ ಬಿಗಿ ಮಾಡು. ಎರಡು ವರ್ಷ ಇದೇ ಆಯ್ತು.

ಆಮೇಲೆ ಗೊತ್ತಾಯ್ತು, ಮೊದಲು ಸರಿ ಮಾಡಬೇಕಾಗಿದ್ದು ಗಿಟಾರ್ ಇರುವ ಜಾಗವನ್ನ ಅಂತ. ನಮ್ಮ ಕಡೆ ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಅಂತ ಬೀರುವಿನಲ್ಲಿ ಬಲ್ಬ್ ಉರಿಸ್ತಾರಲ್ಲ, ಅದನ್ನೇ ಮಾಡಿದೆ. ನಲವತ್ತು ವ್ಯಾಟ್ ಬಲ್ಬ್, ಹಗಲೂ ರಾತ್ರಿ. ಮೂರು ವಾರಕ್ಕೆ ಫಿಂಗರ್‌ಬೋರ್ಡ್ (ಫ್ರೆಟ್ ಕೂರಿಸಿದ ಮರದ ಪಟ್ಟಿ) ಕುಗ್ಗಿ ಫ್ರೆಟ್‌ಗಳ ತುದಿ ಹೊರಗೆ ಬಂದು ಕೈ ಗೀರಿತು. ತುದಿಗಳನ್ನು ಒಂದೊಂದಾಗಿ ಫೈಲ್ ಹಿಡಿದು ಉಜ್ಜೋಕೆ ಎರಡು ರಾತ್ರಿ ಹಿಡಿಯಿತು.

ಫಿಂಗರ್‌ಬೋರ್ಡ್ ಬಗ್ಗೆ ಒಂದು ಮಾತು ಹೇಳಲೇಬೇಕು. 2017ರ ಜನವರಿಯಿಂದ, ಅದಕ್ಕೆ ಬಳಸುತ್ತಿದ್ದ ಬೀಟೆ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದವು. ಗಿಟಾರ್ ಕಂಪನಿಗಳು ಬೇರೆ ಮರ ಹುಡುಕಿದವು. ಸಿದ್ಧ ವಾದ್ಯಗಳಿಗೆ 2019ರ ಕೊನೆಗೆ ವಿನಾಯಿತಿ ಸಿಕ್ಕಿತು, ಆದರೆ ಅಷ್ಟರಲ್ಲಿ ಸ್ಕ್ವಯರ್ ಗಿಟಾರುಗಳಿಗೆ 'ಇಂಡಿಯನ್ ಲಾರೆಲ್' ಬಂದುಬಿಟ್ಟಿತ್ತು. ಅದು ಯಾವ ಮರ ಅಂತ ಹುಡುಕಿದರೆ ನಮ್ಮ ಮತ್ತಿ! ನಮ್ಮ ಕಾಡಿನ ಮರಕ್ಕೆ ನಮ್ಮ ಮಳೆ ಆಗೋದಿಲ್ಲ ಅನ್ನೋ ಮಾತನ್ನ ನಾನು ಆಮೇಲೆ ಯಾರ ಬಾಯಲ್ಲೂ ಕೇಳಿಸಿಕೊಳ್ಳಲಿಲ್ಲ.

ಕೊನೆಗೆ ಕೈ ಹಿಡಿದದ್ದು ಪೆಟ್ಟಿಗೆ. ಹದಿನೆಂಟು ಎಂಎಂ ಪ್ಲೈವುಡ್, ಬಾಗಿಲಿಗೆ ಸುತ್ತ ರಬ್ಬರ್ ಬೀಡಿಂಗ್. ಬಡಗಿಗೆ ಕೊಟ್ಟಿದ್ದು ಎಲ್ಲಾ ಸೇರಿ ಮೂರೂವರೆ ಸಾವಿರದ ಹತ್ತಿರ. ಒಳಗೆ ತೇವ ಹೀರುವ ನೀಲಿ ಸಿಲಿಕಾ ಜೆಲ್, ಗಾಳಿಯ ತೇವ ಅಳೆಯುವ ಇನ್ನೂರೈವತ್ತು ರೂಪಾಯಿಯ ಹೈಗ್ರೋಮೀಟರ್. ಆ ಮೀಟರನ್ನ ಹಾಗೇ ನಂಬಿದರೆ ಕೆಟ್ಟಿರಿ. ಒಂದು ಮುಚ್ಚಳಕ್ಕೆ ಅಡುಗೆ ಉಪ್ಪು ಹಾಕಿ, ಕೆಸರಿನ ಹಾಗಾಗುವಷ್ಟೇ ನೀರು ಬೆರೆಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಡಿ. ಒಳಗೆ ತೇವ 75 ಪರ್ಸೆಂಟ್‌ಗೆ ಬಂದು ನಿಲ್ಲುತ್ತೆ. ನನ್ನ ಮೀಟರ್ 68 ತೋರಿಸಿತು. ಅಂದಿನಿಂದ ಅದರ ಲೆಕ್ಕಕ್ಕೆ ಏಳು ಕೂಡಿಸ್ತೇನೆ.

ಪೆಟ್ಟಿಗೆಯಲ್ಲೂ ಒಂದು ಸಲ ಎಡವಿದೆ. ಒಂದು ಕೇಜಿ ಹೊಸ ಜೆಲ್ ಸುರಿದಿದ್ದಕ್ಕೆ ತೇವ ಮೂವತ್ತರ ಆಸುಪಾಸಿಗೆ ಇಳಿದು ಮತ್ತೆ ಫ್ರೆಟ್ ತುದಿ ಹೊರಬಂತು. ಬೇಕಾಗಿದ್ದು 50, ಅತ್ತಿತ್ತ ಐದು. ಹೊಸ ಜೆಲ್ ಎಷ್ಟು, ತೇವ ಕುಡಿದು ಅರ್ಧ ಗುಲಾಬಿಗೆ ತಿರುಗಿದ ಹಳೇ ಜೆಲ್ ಎಷ್ಟು ಬೆರೆಸಿದರೆ ಅಲ್ಲಿ ನಿಲ್ಲುತ್ತೆ ಅನ್ನೋದನ್ನ ಒಂದು ಇಡೀ ಮಳೆಗಾಲ ಕೂತು ಕಂಡುಕೊಂಡಿದ್ದೇನೆ, ಆ ಅಳತೆ ನನ್ನ ಹತ್ತಿರವೇ ಇರಲಿ. ತೇವ ಕುಡಿದ ಜೆಲ್ಲನ್ನು ಬಚ್ಚಲ ಒಲೆಯ ಕೆಂಡದ ಮೇಲೆ ಹಳೇ ಕಬ್ಬಿಣದ ಬಾಣಲೆಯಲ್ಲಿ ನೀಲಿ ಆಗೋವರೆಗೆ ಹುರಿತೇನೆ. ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ, ಆ ನೀಲಿ ಬಣ್ಣ ಕೋಬಾಲ್ಟ್‌ದು, ವಿಷ.

ಇನ್ನು ಸೆಟಪ್. ಹೊಸ ತಂತಿ, ಒಂಬತ್ತು-ನಲವತ್ತೆರಡು (ತೆಳು ಮತ್ತು ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ). ಪಿಚ್‌ಗೆ ಏರಿಸಿ ಮೂರು ದಿನ ಪೆಟ್ಟಿಗೆಯಲ್ಲಿಟ್ಟ ಮೇಲೇ ಅಲೆನ್ ಕೀ ಕೈಗೆ ತಗೊಂಡಿದ್ದು. ದಿನಕ್ಕೆ ಕಾಲು ಸುತ್ತಿಗಿಂತ ಹೆಚ್ಚಿಲ್ಲ, ರಾತ್ರಿ ಮತ್ತೆ ಪೆಟ್ಟಿಗೆಗೆ, ಮಾರನೇ ಸಂಜೆ ಟ್ಯೂನ್ ಮಾಡಿ ಅಳತೆ. ನನ್ನದಕ್ಕೆ ನಾಲ್ಕು ಸಂಜೆ ಬೇಕಾಯ್ತು. "ಇಷ್ಟೊತ್ತಿಗೆ ಬೆಂಗ್ಳೂರಿಗೆ ಎರಡು ಸಲ ಹೋಗಿ ಬರ್ಬಹುದಿತ್ತಲ್ಲೋ" ಅಂತ ಅಣ್ಣ ಅಂದಿದ್ದು ಆಗಲೇ. ಗೇಜ್ ಮೆಕ್ಯಾನಿಕ್ ಹತ್ತಿರದ್ದು, ಬೈಕಿನ ಟ್ಯಾಪೆಟ್‌ಗೆ ಇಡ್ತಾರಲ್ಲ ಅದೇ, ನೂರಿಪ್ಪತ್ತು ರೂಪಾಯಿ. ಆ್ಯಕ್ಷನ್ ಹನ್ನೆರಡನೇ ಫ್ರೆಟ್‌ನಲ್ಲಿ 1.6 ಮಿ.ಮೀ., ದಪ್ಪ ತಂತಿಗೆ ಒಂದು ಕೂದಲು ಜಾಸ್ತಿ. ಇಂಟೊನೇಷನ್‌ನಲ್ಲಿ, ಅಂದರೆ ಒತ್ತಿದ ಸ್ವರವೂ ಶ್ರುತಿಯಲ್ಲಿ ನಿಲ್ಲುವಂತೆ ಹೊಂದಿಸೋದರಲ್ಲಿ, ಸತಾಯಿಸಿದ್ದು ಮೂರನೇ ತಂತಿ ಒಂದೇ. ಎಷ್ಟು ಮಾಡಿದರೂ ಒತ್ತಿದ ಸ್ವರ ಏರೇ ಇತ್ತು. ಕೆಳತುದಿಯಲ್ಲಿ ತಂತಿ ಕೂರುವ ಸ್ಯಾಡಲ್ ಹಿಂದಕ್ಕೆ ಎಳೆದೂ ಎಳೆದೂ ಸ್ಪ್ರಿಂಗ್ ಪೂರ್ತಿ ಅದುಮಿಹೋಯ್ತು. ಸ್ಪ್ರಿಂಗನ್ನು ಅರ್ಧ ಕತ್ತರಿಸಿ ಹಾಕಿದ ಮೇಲೆ ಕೂತಿತು.

ನಟ್ (ನೆಕ್ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಉಜ್ಜುವಾಗ ಒಂದನೇ ತಂತಿಯ ಕಚ್ಚು ಆಳವಾಗಿಬಿಟ್ಟಿತ್ತು. ಬೇಕಿಂಗ್ ಸೋಡಾ ತುಂಬಿ ಮೇಲೆ ಫೆವಿಕ್ವಿಕ್ ಒಂದು ಹನಿ, ಕ್ಷಣದಲ್ಲಿ ಕಲ್ಲಾಗುತ್ತೆ. ಅದು ಒಂದು ಸೀಸನ್ ಬಂತು, ಆಮೇಲೆ ಮೂಳೆಯ ನಟ್ ಹಾಕಿದೆ.

ಪೆಂಡಾಲಿನಲ್ಲಿ ಸ್ಪೀಕರಿನಿಂದ ಬರುವ ಗುಂಯ್ ಅನ್ನೋ ಹಮ್ಮಿಂಗ್‌ಗೂ ಒಂದು ಕೈ ನೋಡಿದೆ. ಪಿಕ್‌ಗಾರ್ಡ್ (ಗಿಟಾರಿನ ಮುಖದ ಪ್ಲಾಸ್ಟಿಕ್ ಫಲಕ) ಹಿಂದೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದೆ. ಅದಕ್ಕೆ ಅರ್ಥ್ ವೈರ್ ಕೂರಿಸೋಕೆ ಸೋಲ್ಡರ್ ಹಿಡಿಯೋದೇ ಇಲ್ಲ, ಕಿತ್ತು ಬಿಸಾಡಿ ತಾಮ್ರದ ಟೇಪ್ ಹಾಕಿದೆ. ಹಮ್ ಅರ್ಧಕ್ಕರ್ಧ ಇಳಿಯಿತು. ಇನ್ನರ್ಧ ಜನರೇಟರಿನ ಅರ್ಥಿಂಗ್ ಸಮಸ್ಯೆ. ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಜುಂ ಅಂದರೆ ಅಲ್ಲೇ ನಿಲ್ಲಿಸಿ ಅರ್ಥ್ ಸರಿ ಮಾಡಿಸಿ, ಜೀವದ ಪ್ರಶ್ನೆ ಅದು.

ಹೋದ ಗಣಪತಿಗೆ ಆಲ್ದೂರಿನಲ್ಲಿ ಮೂರೂವರೆ ಗಂಟೆ ನುಡಿಸಿದೆ. ನಡುವೆ ಟ್ಯೂನ್ ಮಾಡಿದ್ದು ಎರಡೇ ಸಲ. ಇಳಿದು ಬಂದಾಗ ಕೀಬೋರ್ಡ್ ಅಣ್ಣ ಗಿಟಾರ್ ಇಸ್ಕೊಂಡು ಹನ್ನೆರಡನೇ ಫ್ರೆಟ್ ಮೇಲೆ ಬೆರಳಾಡಿಸಿ, "ನನ್ನ ಅಳಿಯಂದೂ ಒಂದಿದೆ, ಹಾಸನದಿಂದ ತರಿಸ್ತೀನಿ" ಅಂದರು.

ಅದು ಈಗ ಪೆಟ್ಟಿಗೆಯಲ್ಲಿದೆ. ಲೆಸ್ ಪಾಲ್ ಮಾದರಿ, ಸ್ಕೇಲ್ (ನುಡಿಯುವ ತಂತಿಯ ಉದ್ದ) ನನ್ನದಕ್ಕಿಂತ ಮುಕ್ಕಾಲು ಇಂಚು ಚಿಕ್ಕದು, ರಿಲೀಫ್, ಅಂದರೆ ಏಳನೇ ಫ್ರೆಟ್ ಹತ್ತಿರ ಅಳೆದ ಆ ಸಂದು, 0.50ರ ಹತ್ತಿರ ಇತ್ತು. ಇವತ್ತಿಗೆ ಎರಡನೇ ಸಂಜೆ, 0.40ಕ್ಕೆ ಬಂದಿದೆ. ನಾಳೆ ಇನ್ನೊಂದು ಕಾಲು ಸುತ್ತು.