ಸೂಪರ್‌ಮಾರ್ಕೆಟ್‌ನಲ್ಲಿ ಸಹಾಯ ಕೇಳುವುದು ಹೇಗೆ?

ದಿನಸಿ ಅಂಗಡಿಯಲ್ಲಿ ಚೀಟಿ ಕೊಟ್ಟು ನಿಂತರೆ ಸಾಕು, ಅವರೇ ತೂಗಿ ಕಟ್ಟಿಕೊಡುತ್ತಾರೆ. ಸೂಪರ್‌ಮಾರ್ಕೆಟ್‌ನಲ್ಲಿ ಹುಡುಕುವುದು, ಓದುವುದು, ಎತ್ತುವುದು ಎಲ್ಲವೂ ನಮ್ಮದೇ ಕೆಲಸ. ಕಣ್ಣು ಮಂಜಾದವರಿಗೆ, ಮಂಡಿ ನೋವಿನವರಿಗೆ ಇದು ನಿಜಕ್ಕೂ ಕಷ್ಟ. ಎಷ್ಟೋ ಹಿರಿಯರು ಸಂಕೋಚದಿಂದ ಕೇಳದೆ, ಬೇಕಾದ್ದನ್ನು ಬಿಟ್ಟು ಬರುತ್ತಾರೆ. ಹಾಗೆ ಬಿಟ್ಟು ಬರಬೇಕಾಗಿಲ್ಲ.

ಹೊತ್ತು ನೋಡಿ ಹೊರಡಿ. ವಾರದ ನಡುವೆ, ಬೆಳಿಗ್ಗೆ ಅಥವಾ ಮಧ್ಯಾಹ್ನ ಹೋಗಿ. ಭಾನುವಾರದ ಸಂಜೆ, ತಿಂಗಳ ಮೊದಲ ವಾರ, ಹಬ್ಬದ ಹಿಂದಿನ ದಿನ ಸಿಬ್ಬಂದಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ.

ಚೀಟಿ ಸರಿಯಾಗಿ ಬರೆಯಿರಿ. ‘ಎಣ್ಣೆ’ ಎಂದಷ್ಟೇ ಬರೆದರೆ ಸಾಲದು. ‘ಕಡಲೆಕಾಯಿ ಎಣ್ಣೆ, 1 ಲೀಟರ್’ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಮನೆಯಲ್ಲಿರುವ ಖಾಲಿ ಪ್ಯಾಕೆಟ್‌ನ ಫೋಟೊ ಫೋನಿನಲ್ಲಿದ್ದರೆ ಇನ್ನೂ ಒಳ್ಳೆಯದು.

ಯಾರನ್ನು ಕೇಳಬೇಕು? ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಅಂಗಡಿಯೊಳಗೆ ಓಡಾಡುವವರೆಲ್ಲ ಅಂಗಡಿಯವರಲ್ಲ. ಚಹಾ, ಸೋಪು, ಮಸಾಲೆ ಪುಡಿ ಸಾಲಿನ ಹತ್ತಿರ ಕಂಪನಿಯ ಹೆಸರಿರುವ ಟೀ ಶರ್ಟ್ ಹಾಕಿ ನಿಂತವರು ಆ ಕಂಪನಿ ಕಳಿಸಿದವರು. ತಮ್ಮ ಮಾಲನ್ನು ಮಾರುವುದೇ ಅವರ ಕೆಲಸ. ಅವರು ಮರ್ಯಾದೆಯಿಂದಲೇ ಮಾತಾಡುತ್ತಾರೆ, ಆದರೆ ‘ಯಾವುದು ಒಳ್ಳೆಯದು?’ ಎಂದು ಅವರನ್ನು ಕೇಳಬೇಡಿ. ಒಳಗೆ ಹೋದ ಕೂಡಲೇ ಬಿಲ್ಲಿಂಗ್ ಕೌಂಟರ್‌ನಲ್ಲಿ ಹೇಳಿಬಿಡಿ: ‘ನನಗೆ ಅಕ್ಷರ ಸರಿಯಾಗಿ ಕಾಣಲ್ಲ ತಮ್ಮಾ, ಸ್ವಲ್ಪ ಹೊತ್ತು ಜೊತೆಗೆ ಯಾರನ್ನಾದರೂ ಕಳಿಸ್ತೀರಾ?’ ಅರ್ಧ ಸಾಮಾನು ತೆಗೆದುಕೊಂಡ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳುವುದು ಮೇಲು.

ಏನು ಕೇಳಬೇಕು? ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ, ಅಲ್ವಾ? ಓದಿ ಹೇಳಲು ಕೇಳಿ. ಯಾವ ತಿಂಗಳು ಪ್ಯಾಕ್ ಆಗಿದೆ, ಎಲ್ಲಿಯವರೆಗೆ ಬಳಸಬಹುದು, ಎಂಆರ್‌ಪಿ ಎಷ್ಟು, ನಿವ್ವಳ ತೂಕ ಎಷ್ಟು? ಇವುಗಳ ಅಕ್ಷರ ಎಷ್ಟು ಸಣ್ಣದೆಂದರೆ ಕನ್ನಡಕ ಇದ್ದವರೂ ಒದ್ದಾಡುತ್ತಾರೆ. ಪ್ಯಾಕೆಟ್ ಮೇಲೆ ಒಂದು ಗ್ರಾಂಗೆ ಅಥವಾ ಒಂದು ಕೆಜಿಗೆ ಎಷ್ಟು ಬೀಳುತ್ತದೆ ಎಂಬ ದರವೂ ಸಾಮಾನ್ಯವಾಗಿ ಇರುತ್ತದೆ. ಅರ್ಧ ಕೆಜಿಯದ್ದು ಲಾಭವೋ, ಒಂದು ಕೆಜಿಯದ್ದೋ ಎಂದು ತಿಳಿಯಲು ಅದನ್ನು ಓದಿಸಿ. ಹಾಲು, ಮೊಸರು, ಬ್ರೆಡ್ ಆದರೆ ‘ಹಿಂದಿನ ಸಾಲಿನಿಂದ ಕೊಡಿ’ ಎನ್ನಿ. ಬೇಗ ಮುಗಿಯುವ ತಾರೀಖಿನದನ್ನು ಸಾಮಾನ್ಯವಾಗಿ ಮುಂದೆ ಇಟ್ಟಿರುತ್ತಾರೆ. ‘ಒಂದು ಕೊಂಡರೆ ಒಂದು ಉಚಿತ’ ಎಂದಿದ್ದರೆ ಎರಡರ ತಾರೀಖನ್ನೂ ಕೇಳಿ.

ತರಕಾರಿ, ಬಿಡಿ ಬೇಳೆಕಾಳುಗಳಿಗೆ ಬಹಳ ಕಡೆ ತೂಕದ ಕೌಂಟರ್ ಬೇರೆ ಇರುತ್ತದೆ. ಅಲ್ಲಿ ಸ್ಟಿಕ್ಕರ್ ಹಾಕಿಸಿಕೊಂಡೇ ಬಿಲ್ಲಿಗೆ ಬನ್ನಿ. ಇಲ್ಲದಿದ್ದರೆ ಸುಮ್ನೆ ಮತ್ತೆ ನಡೆಯಬೇಕಾಗುತ್ತದೆ.

ಬಿಲ್ ಹಾಕಿಸುವಾಗ ಮೊಬೈಲ್ ನಂಬರ್ ಕೇಳಿದರೆ ಕೊಡಲೇಬೇಕೆಂದಿಲ್ಲ. ‘ಬೇಡ’ ಎಂದರೆ ಸಾಕು. ಅಕ್ಕಿ ಮೂಟೆ, ಎಣ್ಣೆ ಕ್ಯಾನ್ ಇದ್ದರೆ ಆಟೋದವರೆಗೆ ತಂದುಕೊಡಲು ಕೇಳಿ. ಮನೆಗೇ ತಲುಪಿಸುತ್ತಾರಾ ಎಂದೂ ವಿಚಾರಿಸಿ.

ಒರಟಾಗಿ ಉತ್ತರ ಬಂದರೆ ವಾದಕ್ಕಿಳಿಯದೆ ಮ್ಯಾನೇಜರನ್ನು ಕರೆಸಿ. ಎಂಆರ್‌ಪಿಗಿಂತ ಜಾಸ್ತಿ ಹಣ ಪಡೆದರೆ, ಅವಧಿ ಮುಗಿದದ್ದನ್ನು ಕೊಟ್ಟು ಬದಲಿಸಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಬಿಲ್ ಮತ್ತು ಪ್ಯಾಕೆಟ್ ಎರಡನ್ನೂ ಎಸೆಯದೆ ಇಟ್ಟುಕೊಂಡಿರಿ.